ದಾನಶಾಸನದಿಂದ ಅನುದಾನಪತ್ರಕ್ಕೆ: ಇಳಕಲ್ಲ ಸೀಮೆಯ ಸಂಸ್ಥೆಗಳ ಆಧಾರಪತ್ರಗಳು

ನೆರವನ್ನು ಬೇಡುವ ಸಂಸ್ಥೆಯು ತಾನಾರೆಂಬುದನ್ನೂ, ತಾನು ಮಾಡುತ್ತ ಬಂದ ಕಾರ್ಯವಾವುದೆಂಬುದನ್ನೂ, ಹಿಂದೆ ಬಂದ ಹಣವು ಎಲ್ಲಿಗೆ ಸಂದಿತೆಂಬುದನ್ನೂ ಬರವಣಿಗೆಯಲ್ಲಿ ತೋರಿಸಿಕೊಡಬೇಕೆಂಬ ಕಟ್ಟಳೆಯು ಇಂಗ್ಲಿಷರ ಆಡಳಿತದೊಡನೆ ನಮ್ಮ ನಾಡಿಗೆ ಬಂದಿತೆಂಬುದು ಸಾಮಾನ್ಯವಾದ ತಿಳಿವಳಿಕೆ. ಮೊದಲು ದಾನಿಗಳು ಕೇಳದೆ ಕೊಡುತ್ತಿದ್ದರು, ಮಠಗಳು ಬರೆಯದೆ ಉಣಬಡಿಸುತ್ತಿದ್ದವು ಎಂದು ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಬಾದಾಮಿ, ಮಹಾಕೂಟ, ಐಹೊಳೆಗಳ ಕಲ್ಲುಗಳೇ ಅಲ್ಲಗಳೆಯುತ್ತವೆ. ಇಳಕಲ್ಲ, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಈ ಸೀಮೆಯಲ್ಲಿ ದಾನಕ್ಕೆ ಆಧಾರಪತ್ರವನ್ನು ಸಿದ್ಧಪಡಿಸುವ ಪದ್ಧತಿಗೆ ಸುಮಾರು 1,450 ವರ್ಷಗಳ ಚರಿತ್ರೆಯುಂಟು. ಆ ಪದ್ಧತಿ ಕಾಲಕಾಲಕ್ಕೆ ಯಾರನ್ನು ಉಳಿಸಿತು, ಯಾರನ್ನು ಕೈಬಿಟ್ಟಿತು ಎಂಬುದು ವಿಚಾರಾರ್ಹವಾದ ಸಂಗತಿ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಬರೆಯಿಸಿದ ಸಂಸ್ಕೃತ ಶಾಸನವನ್ನು ವಿದ್ವಾಂಸರು ಚಾಲುಕ್ಯ ವಂಶದ ಕಾಲನಿರ್ಣಯಕ್ಕಾಗಿ ಬಹುವಾಗಿ ಬಳಸಿದ್ದಾರೆ. ಪ್ರಸ್ತುತ ವಿಷಯಕ್ಕೆ ಬೇಕಾದುದು ಅದರ ಇನ್ನೊಂದು ಮುಖ. ಲಂಜೀಶ್ವರವೆಂಬ ಗ್ರಾಮವನ್ನು ಕೊಟ್ಟ ರಾಜಪುತ್ರನು ಅದರ ಉತ್ಪನ್ನವನ್ನು ಹೇಗೆ ವಿನಿಯೋಗಿಸಬೇಕೆಂಬುದನ್ನೂ ಅಲ್ಲಿಯೇ ನಿರ್ಣಯಿಸಿದ್ದಾನೆ. ನಾರಾಯಣಬಲಿಗಾಗಿ ಪ್ರತಿದಿನ 16 ಮಂದಿ ಬ್ರಾಹ್ಮಣರಿಗೆ ಸತ್ರದ ಏರ್ಪಾಡು ನಡೆಯಬೇಕು. ಮಿಕ್ಕದ್ದು ಪರಿವ್ರಾಜಕರ ಭೋಜನಕ್ಕೆ ಸಲ್ಲಬೇಕು. ಸಂಖ್ಯೆಯುಂಟು, ಉದ್ದೇಶವುಂಟು, ಉಳಿಕೆಯ ವಿನಿಯೋಗವೂ ಉಂಟು. ಸೂರ್ಯ, ಅಗ್ನಿ ಮತ್ತು ನೆರೆದ ಜನ ಇದಕ್ಕೆ ಸಾಕ್ಷಿ. ಅದೇ ಗುಹೆಯ ಹತ್ತಿರವಿರುವ ಮಂಗಲೇಶನ ಕನ್ನಡ ಶಾಸನವಂತೂ ಇನ್ನಷ್ಟು ಕೆಳಗಿಳಿದು, ದೇವರಿಗೆ ಹೂವನ್ನು ಒದಗಿಸುವ ಮಾಲೆಗಾರರ ಪಾಲನ್ನು ಸಹ ಹೆಸರಿಸುತ್ತದೆ. ಈ ಏರ್ಪಾಡನ್ನು ಕೆಡಿಸಿದವನು ಏಳನೆಯ ನರಕದಲ್ಲಿ ಹುಳುವಾಗುವನೆಂಬ ಶಾಪವೂ ಅಲ್ಲಿದೆ. ಲೆಕ್ಕಪರಿಶೋಧಕನಿಲ್ಲದ ಕಾಲದಲ್ಲಿ ಶಾಪವೇ ಲೆಕ್ಕಪರಿಶೋಧನೆ! ಮಹಾಕೂಟದ ಸ್ತಂಭಶಾಸನವು ಮಕುಟೇಶ್ವರನಾಥನಿಗೆ ಸಲ್ಲಬೇಕಾದ ಹತ್ತು ಗ್ರಾಮಗಳನ್ನು ಹೇಳುವುದೂ ಇದೇ ಮಂಗಲೇಶನ ಆಳಿಕೆಯಲ್ಲಿ.

ಈ ಬಗೆಯ ದಾಖಲೆಗಳಲ್ಲಿ ಶರಣಸಾಹಿತ್ಯದ ಅಭ್ಯಾಸಿಗಳಿಗೆ ಅತ್ಯಂತ ಮಹತ್ವದ್ದಾದುದು ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ. ಸೇವುಣ ದೊರೆ ಕನ್ನರನ ಆಳಿಕೆಯ 1260ರ ಈ ಶಾಸನ ಬಸವಣ್ಣನವರ ಐತಿಹಾಸಿಕತೆಯನ್ನು ನಿಸ್ಸಂದೇಹವಾಗಿ ಸ್ಥಾಪಿಸುವ ಶಿಲಾಧಾರವೆಂದು ಪ್ರಸಿದ್ಧವಾಗಿದೆ. ಬಾಗೆವಾಡಿ, ಮಾದಿರಾಜ, ಸಂಗನ ಬಸವ, ಅವರ ಅಣ್ಣ ದೇವರಾಜ ಇವರೆಲ್ಲರ ಹೆಸರುಗಳು ಅಲ್ಲಿ ಬಂದಿವೆ. ಆದರೆ ಈ ಹೆಸರುಗಳು ಅಲ್ಲಿ ಬಂದ ಬಗೆಯನ್ನು ವಿಚಾರಿಸಿದವರು ಕಡಿಮೆ. ಶಾಸನವನ್ನು ಬರೆಯಿಸಿದವರಿಗೆ ಬಸವಣ್ಣನವರ ಚರಿತ್ರೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಉದ್ದೇಶವಿರಲಿಲ್ಲ. ಆ ವಂಶದ ಹಾಲಬಸವಿದೇವನಿಗೆ ದತ್ತಿ ಸಲ್ಲುತ್ತಲಿತ್ತು. ದತ್ತಿಯನ್ನು ಪಡೆಯುವವನು ಎಂಥವನು, ಯಾವ ಪರಂಪರೆಗೆ ಸೇರಿದವನು ಎಂಬುದನ್ನು ದಾಖಲೆಯ ಮೊದಲಿಗೆ ನಿರೂಪಿಸುವುದು ಅಂದಿನ ಕ್ರಮ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅದು ಅರ್ಜಿದಾರ ಸಂಸ್ಥೆಯ ಪೂರ್ವಪರಿಚಯದ ಪತ್ರ. ಆ ಪರಿಚಯಪತ್ರ ಬೇಕಾದುದರಿಂದ ಶಾಸನಕಾರನು ವಂಶವನ್ನು ಹೇಳಿದನು. ವಂಶವನ್ನು ಹೇಳಿದುದರಿಂದ ಬಸವಣ್ಣನವರ ಹೆಸರು ಕಲ್ಲಿನ ಮೇಲೆ ನಿಂತಿತು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ಪುರಾಣಗಳು ಭಕ್ತಿಯಿಂದ ಹೇಳಿದ್ದನ್ನು ಒಂದು ದತ್ತಿಯ ಲಗತ್ತುಪತ್ರವು ವ್ಯವಹಾರದ ನಿಷ್ಠುರತೆಯಿಂದ ದೃಢಪಡಿಸಿತು. ಚರಿತ್ರೆಗೆ ಇಂಥ ಉಪಕಾರ ಮಾಡಿದ ಕಚೇರಿಯ ಕಾಗದಗಳು ಎಲ್ಲ ನಾಡಿನಲ್ಲಿಯೂ ವಿರಳವೇ.

ಬಸವಣ್ಣನವರ ಜೀವನದಲ್ಲಿಯೇ ಲೆಕ್ಕಪತ್ರದ ಪ್ರಸಂಗವೊಂದು ಬರುವುದನ್ನು ಇಲ್ಲಿ ನೆನೆಯಬಹುದು. ಬಿಜ್ಜಳನ ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚಮಾಡುತ್ತಾರೆಂಬ ದೂರು ಹೋದಾಗ ಭಂಡಾರವನ್ನು ತೆರೆಯಿಸಿ ಎಣಿಸಲಾಯಿತೆಂದೂ, ಲೆಕ್ಕವು ಸರಿಯಾಗಿಯೇ ಇತ್ತೆಂದೂ ಪುರಾಣಗಳು ಹೇಳುತ್ತವೆ. ಕವಿಗಳು ಇದನ್ನು ಪವಾಡವೆಂದು ವರ್ಣಿಸಿದ್ದಾರೆ. ಪವಾಡದ ಮಾತು ಹಾಗಿರಲಿ. ದಾಸೋಹದ ಲೆಕ್ಕವೇ ಬೇರೆ, ರಾಜಭಂಡಾರದ ಲೆಕ್ಕವೇ ಬೇರೆ ಎಂಬ ವಿವೇಕವನ್ನು ಆ ಕಥೆ ಹೊಟ್ಟೆಯಲ್ಲಿಟ್ಟುಕೊಂಡಿದೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಮಠಪರಂಪರೆಗೆ ಈ ಭೇದವು ಅಪರಿಚಿತವೇನಲ್ಲ.

ವಿಜಯನಗರ, ಆದಿಲಶಾಹಿ, ಸವಣೂರು ನವಾಬರು, ಪೇಶವೆಗಳು, ಹೈದರ-ಟಿಪ್ಪೂ, ಮತ್ತೆ ಪೇಶವೆಗಳು – ಹೀಗೆ ಈ ಸೀಮೆ ಒಡೆಯರನ್ನು ಬದಲಿಸುತ್ತ ಬಂದಂತೆ ಮಠಗಳ ಪೆಟ್ಟಿಗೆಗಳಲ್ಲಿ ಕಾಗದಗಳ ಭಾಷೆಯೂ ಬದಲಾಯಿತು. ಕನ್ನಡ ಶಾಸನದ ಜಾಗಕ್ಕೆ ಪಾರಸಿ ಸನದು ಬಂದಿತು. ಅದರ ಮೇಲೆ ಮೋಡಿ ಲಿಪಿಯ ಮರಾಠಿ ಪತ್ರ ಬಂದಿತು. ಹೊಸ ಒಡೆಯನು ಬಂದಾಗಲೆಲ್ಲ ಹಳೆಯ ಸನದನ್ನು ತೋರಿಸಿ ಹೊಸದನ್ನು ಪಡೆಯುವುದು ವಾಡಿಕೆ. 1818ರಲ್ಲಿ ಮನ್ರೋ ಬಾದಾಮಿಯನ್ನು ಹಿಡಿದ ಕಾಲಕ್ಕೆ ಸಾತಾರೆಯಿಂದ ಎಲ್ಫಿನ್‌ಸ್ಟನ್ ಹೊರಡಿಸಿದ ಫೆಬ್ರುವರಿ 11ರ ಜಾಹೀರುನಾಮೆಯು ವತನ, ಇನಾಮು, ವರ್ಷಾಸನ ಹಾಗೂ ದೇವಾಲಯಾದಿ ಸಂಸ್ಥೆಗಳ ಹಿಂದಿನ ನಡಾವಳಿಗಳನ್ನು ಕಾಪಾಡುವುದಾಗಿ ವಚನ ಕೊಟ್ಟಿತು. ವಚನವೇನೋ ಇತ್ತು, ಆದರೆ ಯಾವುದು ಹಿಂದಿನ ನಡಾವಳಿ ಎಂಬುದನ್ನು ಸಿದ್ಧಪಡಿಸುವ ಭಾರ ಯಾರ ಮೇಲೆ ಬೀಳುವುದೆಂಬುದು 25 ವರ್ಷಗಳ ಅನಂತರ ಗೊತ್ತಾಯಿತು.

1843ರಲ್ಲಿ ದಕ್ಷಿಣ ಮರಾಠಾ ಪ್ರಾಂತದಲ್ಲಿ ಇನಾಮು ವಿಚಾರಣೆ ಆರಂಭವಾಯಿತು. 1852ರ 11ನೆಯ ಆ್ಯಕ್ಟು ಅದಕ್ಕೆ ಶಾಸನಬಲವನ್ನು ಕೊಟ್ಟು ಇನಾಮು ಕಮಿಶನ್ನನ್ನು ರಚಿಸಿತು. ಕಮಿಶನ್ನಿನ ಕೆಲಸದ ಕ್ರಮ ಹೀಗಿತ್ತು: ಇನಾಮುದಾರನು ತನ್ನ ಸನದನ್ನು ಹಾಜರುಪಡಿಸಬೇಕು, ಅಧಿಕಾರಿಯು ಅದನ್ನು ಪೇಶವೆ ದಫ್ತರದ ಲೆಕ್ಕಗಳೊಡನೆ ತಾಳೆಹಾಕಿ ನೋಡಬೇಕು, ಕೊಟ್ಟವನಿಗೆ ಕೊಡುವ ಅಧಿಕಾರವಿತ್ತೇ, ಕೊಟ್ಟದ್ದು ಒಂದು ತಲೆಮಾರಿಗೋ ವಂಶಪಾರಂಪರ್ಯವಾಗಿಯೋ, ಭೋಗವಟ್ಟೆ ನಡೆದುಬಂದಿದೆಯೇ ಎಂಬುದನ್ನು ನಿರ್ಣಯಿಸಬೇಕು. ಖೋಟಾ ಸನದುಗಳು ಆ ಕಾಲದಲ್ಲಿ ಬಹಳವಿದ್ದುದು ನಿಜ. ತಾಮ್ರಪಟಗಳಲ್ಲಿಯೇ ಕೂಟಶಾಸನಗಳಿರುವಾಗ ಕಾಗದದ ಮಾತೇನು? ಆದರೆ ಕಳ್ಳ ಕಾಗದವಿದ್ದವನಿಗಿಂತ ಕಾಗದವಿಲ್ಲದವನು ಹೆಚ್ಚು ಕಷ್ಟಕ್ಕೀಡಾದನು. ಗೆದ್ದಲು ತಿಂದ ಸನದು, ದಂಡು ಹೋದಾಗ ಸುಟ್ಟ ಸನದು, ಅಣ್ಣತಮ್ಮಂದಿರ ಪಾಲಿನಲ್ಲಿ ಕೈತಪ್ಪಿದ ಸನದು – ಇವು ಯಾವುವೂ ಕಮಿಶನ್ನಿನ ಮೇಜಿನ ಮೇಲೆ ಸಲ್ಲುವ ನಾಣ್ಯಗಳಲ್ಲ. ಮುಂಬಯಿ ಪ್ರಾಂತದಲ್ಲಿ 1857ರವರೆಗಿನ ಐದು ವರ್ಷಗಳಲ್ಲಿ ಸುಮಾರು 20,000 ಇನಾಮುಗಳು ಜಪ್ತಾದುವೆಂದು ಇತಿಹಾಸಗ್ರಂಥಗಳಲ್ಲಿ ಸಾಮಾನ್ಯವಾಗಿ ಹೇಳಲಾಗುತ್ತದೆ. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಜನರಿಂದ ಹತನಾದ ಪೊಲಿಟಿಕಲ್ ಏಜಂಟ ಚಾರ್ಲ್ಸ್ ಮ್ಯಾನ್ಸನ್ನನು ಹಿಂದೆ ಇದೇ ಇನಾಮು ಕಮಿಶನ್ನಿನಲ್ಲಿ ಕೆಲಸಮಾಡಿದವನು. ಬಾಬಾಸಾಹೇಬನ ದೂರು ದತ್ತಕದ ಕುರಿತಾಗಿತ್ತು, ಇನಾಮಿನ ಕುರಿತಲ್ಲ. ಆದರೂ ಆ ವರ್ಷ ಈ ಸೀಮೆಯ ದೇಸಾಯಿ, ದೇಶಪಾಂಡೆ, ಇನಾಮುದಾರರ ಮನಸ್ಸಿನಲ್ಲಿ ಕುದಿಯುತ್ತಿದ್ದ ಅಸಮಾಧಾನಕ್ಕೆ ಕಾಗದದ ವಿಚಾರಣೆಯೂ ಒಂದು ಕಾರಣವೆಂಬುದನ್ನು ಇಂಗ್ಲಿಷ್ ಇತಿಹಾಸಕಾರರೇ ಒಪ್ಪಿಕೊಂಡಿದ್ದಾರೆ.

ಮಠ, ಮಸೀದಿ, ದೇವಾಲಯಗಳ ಮಟ್ಟಿಗೆ ಕಾಯಿದೆಯು ಸ್ವಲ್ಪ ಮೃದುವಾಗಿತ್ತೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಸ್ವಭಾವತಃ ಶಾಶ್ವತವಾದ ಇಂಥ ಸಂಸ್ಥೆಗಳ ಪೋಷಣೆಗಾಗಿ ನಡೆದುಬಂದ ಜಮೀನುಗಳನ್ನು, ದಾನಪತ್ರದಲ್ಲಿ ಶಾಶ್ವತವೆಂಬ ಶಬ್ದವು ಇಲ್ಲದಿದ್ದರೂ, ಶಾಶ್ವತವಾಗಿಯೇ ಮುಂದುವರಿಸಬೇಕೆಂದು ನಿಯಮವಿತ್ತು. 1863ರ ಸಂಕ್ಷಿಪ್ತ ತಡಜೋಡಿನ ಕಾಯಿದೆಯು ಖಾಸಗಿ ಇನಾಮುದಾರರಿಗೆ, ವಿಚಾರಣೆಯ ತೊಡಕು ಬೇಡವಾದರೆ ಜಮೀನಿನ ಆಕಾರದ ಒಂದು ಭಾಗವನ್ನು ಕೊಟ್ಟು ಹಕ್ಕನ್ನು ಕಾಯಂ ಮಾಡಿಕೊಳ್ಳುವ ದಾರಿಯನ್ನು ತೆರೆಯಿತು. ಧಾರ್ಮಿಕ ಸಂಸ್ಥೆಯ ಜಮೀನನ್ನಾದರೋ ಸಂಸ್ಥೆಯಿಂದ ಬೇರೆಯವರಿಗೆ ಪರಭಾರೆ ಮಾಡಕೂಡದೆಂಬ ಕಟ್ಟು ಉಳಿಯಿತು. ಈ ಕಟ್ಟಿನ ಬೆಲೆ ಬಹು ದೊಡ್ಡದು. ವ್ಯಕ್ತಿಯ ಆಸ್ತಿ ಬೇರೆ, ಸಂಸ್ಥೆಯ ಆಸ್ತಿ ಬೇರೆ ಎಂಬುದು ಮೊದಲ ಬಾರಿಗೆ ಸರಕಾರಿ ಕಾಗದದಲ್ಲಿ ಸ್ಪಷ್ಟವಾಗಿ ನಮೂದಾದುದು ಆಗ. ಮುಂದೆ ಮಠಗಳು ಶಾಲೆ, ಪ್ರಸಾದನಿಲಯಗಳನ್ನು ತೆರೆದು ಅನುದಾನವನ್ನು ಕೇಳಿದಾಗ ನೆಲದ ಒಡೆತನವನ್ನು ತೋರಿಸಲು ಇವೇ ಉತಾರಗಳು ನೆರವಿಗೆ ಬಂದುವು.

ಅನುದಾನವೆಂಬ ಶಬ್ದಕ್ಕೆ ಇಂದಿನ ಅರ್ಥ ಬಂದುದು 1854ರ ವುಡ್ ಸಾಹೇಬನ ವಿದ್ಯಾ ಖಲೀತೆಯಿಂದ. ಖಾಸಗಿ ಶಾಲೆಗೆ ಸರಕಾರದ ನೆರವು ಬೇಕಾದರೆ ಒಳ್ಳೆಯ ಲೌಕಿಕ ಶಿಕ್ಷಣವಿರಬೇಕು, ಜವಾಬ್ದಾರಿಯುಳ್ಳ ಸ್ಥಾನಿಕ ಆಡಳಿತವಿರಬೇಕು, ವಿದ್ಯಾರ್ಥಿಗಳಿಂದ ಅಲ್ಪಸ್ವಲ್ಪವಾದರೂ ಫೀ ತೆಗೆದುಕೊಳ್ಳಬೇಕು, ಸರಕಾರದ ತಪಾಸಣೆಗೆ ಒಪ್ಪಬೇಕು – ಇವು ಅದರ ಷರತ್ತುಗಳು. ಮತದ ವಿಷಯದಲ್ಲಿ ಸರಕಾರವು ತಟಸ್ಥವಾಗಿರುವುದು. 1860ರ ದಶಕದಲ್ಲಿ ಮುಂಬಯಿ ಪ್ರಾಂತದಲ್ಲಿ ಫಲಿತಾಂಶಕ್ಕೆ ತಕ್ಕ ಅನುದಾನವೆಂಬ ಪದ್ಧತಿ ಬಂದಿತು. ತಪಾಸಣಾಧಿಕಾರಿಯು ಒಬ್ಬೊಬ್ಬ ಹುಡುಗನನ್ನೂ ನಿಲ್ಲಿಸಿ ಪರೀಕ್ಷಿಸಿ, ತೇರ್ಗಡೆಯಾದವರ ಲೆಕ್ಕದ ಮೇಲೆ ಹಣವನ್ನು ಮಂಜೂರು ಮಾಡಬೇಕು. ಆಗ ಶಾಲೆಯ ಜೀವವು ಹಾಜರಿ ಪುಸ್ತಕದಲ್ಲಿ ನಿಂತಿತು. ಜಂಗಮ ಐಗಳು ಮಠದ ಪಡಸಾಲೆಯಲ್ಲೋ ಗುಡಿಯ ಕಟ್ಟೆಯಲ್ಲೋ ಉಸುಕಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಗಾಂವಠಿ ಸಾಲಿಗಳಲ್ಲಿ ವಿದ್ಯೆಯಿತ್ತು, ಶಿಸ್ತಿತ್ತು, ಊರಿನ ಮನ್ನಣೆಯಿತ್ತು, ಹಾಜರಿ ಪುಸ್ತಕವೊಂದಿರಲಿಲ್ಲ. ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ದಕ್ಷಿಣೆ ಪಡೆಯುತ್ತಿದ್ದ ಐಗಳಿಗೆ ಮಾಸಿಕ ಫೀಯ ಪಾವತಿಯೆಲ್ಲಿಂದ ಬರಬೇಕು?

ಬೆಳಗಾಂವಿಯ ಡೆಪ್ಯುಟಿ ಚನ್ನಬಸಪ್ಪನವರಂಥವರು ಸರಕಾರಿ ಕನ್ನಡ ಶಾಲೆಗಳನ್ನು ಊರೂರಿಗೆ ಹಬ್ಬಿಸಿದುದು ಈ ಕಾಲದಲ್ಲಿಯೇ. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳದಿರಲಾಗದು. 1872ರಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ವಿಭಾಗಕ್ಕೆ ಎಜ್ಯುಕೇಶನಲ್ ಇನ್ಸ್‌ಪೆಕ್ಟರನಾಗಿ ಬಂದವನು ಜಾನ್ ಫೇಯ್ತ್‌ಫುಲ್ ಫ್ಲೀಟ್. ಶಾಲೆಗಳ ದಾಖಲೆಗಳನ್ನು ಪರೀಕ್ಷಿಸುತ್ತಿದ್ದ ಈ ಅಧಿಕಾರಿಯೇ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳನ್ನು ಓದಿ ಪ್ರಕಟಿಸಿದನು. ಖೋಟಾ ತಾಮ್ರಪಟಗಳ ಪಟ್ಟಿಯನ್ನೂ ಮುಂದೆ ಸಿದ್ಧಪಡಿಸಿದನು. ಹಾಜರಿ ಪುಸ್ತಕದಲ್ಲಿ ಇಲ್ಲದ ಹುಡುಗನನ್ನು ಕಂಡುಹಿಡಿಯುವ ಕಣ್ಣಿಗೂ ತಾಮ್ರಪಟದಲ್ಲಿ ಹೊಂದದ ತಿಥಿಯನ್ನು ಕಂಡುಹಿಡಿಯುವ ಕಣ್ಣಿಗೂ ಬಹಳ ಅಂತರವಿರಲಾರದು.

ವೀರಶೈವ ಸಮಾಜವು ಈ ಹೊಸ ಭಾಷೆಯನ್ನು ಬೇಗನೆ ಕಲಿತುಕೊಂಡಿತೆಂಬುದಕ್ಕೆ ಆಧಾರಗಳಿವೆ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಸ್ಥಾಪಿತವಾಯಿತು. ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಅದರ ಬೆನ್ನೆಲುಬು. 1906ರಲ್ಲಿ ಬಾಗಲಕೋಟೆಯಲ್ಲಿ ಚರಂತಿಮಠದ ಬೀಳೂರು ಗುರುಬಸವ ಮಹಾಸ್ವಾಮಿಗಳ ಪ್ರೇರಣೆಯಿಂದ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಅದೇ ವರ್ಷ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಸಂಪತ್ತನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳಿಗೆ ಮುಡಿಪಾಗಿಟ್ಟರು. 1910ರಲ್ಲಿ ವಿಜಾಪುರದಲ್ಲಿ, 1916ರಲ್ಲಿ ಬೆಳಗಾಂವಿಯಲ್ಲಿ ಸಂಸ್ಥೆಗಳು ಏರ್ಪಟ್ಟುವು. ಮಠದ ಜೋಳಿಗೆಯಿಂದ ಸಂಘದ ಠರಾವು ಪುಸ್ತಕಕ್ಕೆ ಬಂದ ಈ ಹಾದಿಯು ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ವಸ್ತುತಃ ಅದೊಂದು ಮನೋಧರ್ಮದ ಪರಿವರ್ತನೆ. ಮಠದಲ್ಲಿ ಶ್ರೀಗಳ ಅಪ್ಪಣೆಯೇ ಪ್ರಮಾಣ. ಸಂಘದಲ್ಲಿ ಅಪ್ಪಣೆಯೂ ಠರಾವಾಗಿ, ಸೂಚಕರು ಅನುಮೋದಕರ ಹೆಸರುಗಳೊಡನೆ ನಮೂದಾಗಬೇಕು. ಗುರುವಿನ ಮುಂದೆ ಲೆಕ್ಕ ಕೇಳುವುದು ಅವಿಧೇಯತೆಯೆಂದು ತಿಳಿದಿದ್ದ ಭಕ್ತನೇ ಖಜಾಂಚಿಯಾಗಿ, ವರ್ಷಕ್ಕೊಮ್ಮೆ ಗುರುವಿನ ಅಧ್ಯಕ್ಷತೆಯಲ್ಲಿಯೇ ಜಮಾಖರ್ಚನ್ನು ಓದಿಹೇಳಬೇಕಾಯಿತು. ಈ ಪರಿವರ್ತನೆಯನ್ನು ಸಂಕೋಚವಿಲ್ಲದೆ ಒಪ್ಪಿಕೊಂಡ ಮಠಾಧೀಶರ ಔದಾರ್ಯವನ್ನು ಚರಿತ್ರಕಾರರು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಇಳಕಲ್ಲಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದು ಮಗ್ಗದ ಮುಖ. ಹತ್ತಿಯ ಒಡಲಿಗೆ ರೇಶ್ಮೆಯ ಸೆರಗನ್ನು ಕೊಂಡಿ ಕೂಡಿಸಿ ನೇಯುವ ಇಳಕಲ್ಲ ಸೀರೆಯನ್ನು ಬಲ್ಲದವರಿಲ್ಲ. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಲಿ ರಚಿತವಾಗಿ, 1953ರ ಕಾಯಿದೆಯ ಮೇರೆಗೆ ಗಿರಣಿ ಬಟ್ಟೆಯ ಮೇಲೆ ಹೇರಿದ ಸೆಸ್ಸಿನಿಂದ ಕೈಮಗ್ಗಕ್ಕೆ ನೆರವು ದೊರೆಯುವಂತಾಯಿತು. ನೆರವು ಮುಖ್ಯವಾಗಿ ಸಹಕಾರಿ ಸಂಘಗಳ ಮೂಲಕ. ಸಂಘಕ್ಕೆ ನೋಂದಣಿ ಬೇಕು, ಪೋಟನಿಯಮ ಬೇಕು, ಸದಸ್ಯರ ಶೇರುಗಳ ವಹಿ ಬೇಕು, ನಡೆಯುವ ಮಗ್ಗಗಳ ಎಣಿಕೆ ಬೇಕು. ಸ್ವಂತ ಮಗ್ಗವಿದ್ದ ನೇಕಾರನು ಇದರಲ್ಲಿ ಹೆಸರು ಬರೆಯಿಸಿಕೊಂಡನು. ಸಾಹುಕಾರನಿಂದ ನೂಲು ತಂದು ಮಜೂರಿಗೆ ನೇಯುತ್ತಿದ್ದವನಿಗೆ ಮಗ್ಗವೂ ತನ್ನದಲ್ಲ, ನೂಲೂ ತನ್ನದಲ್ಲ. ತಾನು ನೇಕಾರನೆಂಬುದಕ್ಕೆ ಕೈಯ ಬೆರಳುಗಳ ಹೊರತು ಬೇರೆ ಪುರಾವೆಯಿಲ್ಲ. ಕಂಡಿಕೆ ಸುತ್ತುವ, ಹಾಸು ಹೂಡುವ, ಕೊಂಡಿ ಕೂಡಿಸುವ ಹೆಣ್ಣುಮಕ್ಕಳ ಕೆಲಸವಂತೂ ಯಾವ ವಹಿಯಲ್ಲಿಯೂ ಏರುತ್ತಿರಲಿಲ್ಲ. 1987-88, 1995-96, 2009-10, 2019-20ರಲ್ಲಿ ನಡೆದ ರಾಷ್ಟ್ರೀಯ ಕೈಮಗ್ಗ ಗಣತಿಗಳು ಮತ್ತು ಅವುಗಳನ್ನನುಸರಿಸಿ ಬಂದ ನೇಕಾರರ ಗುರುತಿನ ಚೀಟಿಗಳು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿವೆ. ಗಣತಿಯ ದಿನ ಮಗ್ಗವು ನಿಂತಿದ್ದರೆ, ನೇಕಾರನು ದುಡಿಮೆಗಾಗಿ ಪರಊರಿಗೆ ಹೋಗಿದ್ದರೆ, ಮುಂದಿನ ಹತ್ತು ವರ್ಷ ಅವನು ಕಾಗದದ ಮೇಲೆ ನೇಕಾರನಲ್ಲ.

ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತುದೂ ಆಧಾರಪತ್ರಗಳ ಬಲದಿಂದಲೇ. 1999ರಲ್ಲಿ ಅಂಗೀಕೃತವಾಗಿ 2003ರಲ್ಲಿ ಜಾರಿಗೆ ಬಂದ ಕಾಯಿದೆಯು ಇಂಥ ಮಾನ್ಯತೆಯನ್ನು ಬೇಡುವವರು ಉತ್ಪಾದನೆಯ ಪ್ರದೇಶದ ನಕಾಶೆಯನ್ನೂ, ತಯಾರಿಕೆಯ ಕ್ರಮವನ್ನೂ, ಆ ಊರಿಗೂ ಆ ವಸ್ತುವಿಗೂ ಇರುವ ಐತಿಹಾಸಿಕ ಸಂಬಂಧದ ಪುರಾವೆಯನ್ನೂ ಒದಗಿಸಬೇಕೆನ್ನುತ್ತದೆ. ತಲೆತಲಾಂತರದಿಂದ ನೇಯ್ದು ಬಂದವರ ಮಾತು ಇಲ್ಲಿ ಸಾಲದು. 1884ರ ಮುಂಬಯಿ ಗೆಝೆಟಿಯರಿನ ವಿಜಾಪುರ ಸಂಪುಟದಲ್ಲಿ ಪರಕೀಯ ಅಧಿಕಾರಿಗಳು ಈ ಜಿಲ್ಲೆಯ ನೇಯ್ಗೆಯನ್ನು ಕುರಿತು ಬರೆದಿಟ್ಟಂಥ ಪುಟಗಳು ಇಂದು ನೇಕಾರನ ಬಾಯಿಮಾತಿಗಿಂತ ಹೆಚ್ಚು ತೂಗುತ್ತವೆ. ಇದು ನ್ಯಾಯವೇ ಎಂದು ಕೇಳಬಹುದು. ಆದರೆ ನೇಕಾರರ ಸಂಘಗಳು, ವ್ಯಾಪಾರಿ ಮನೆತನಗಳು ತಮ್ಮ ಹಳೆಯ ಕಿರ್ದಿ, ಖಾತೆವಹಿಗಳನ್ನು ರದ್ದಿಗೆ ಹಾಕದೆ ಇಟ್ಟುಕೊಂಡಿದ್ದರೆ ಬೇರೆಯವರ ಸಾಕ್ಷ್ಯಕ್ಕೆ ಇಷ್ಟು ಕಾಯಬೇಕಾಗುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತಸಂಸ್ಥೆಗಳ ಕಾಯಿದೆಯು ಈ ಚರಿತ್ರೆಯಲ್ಲಿ ಒಂದು ಮುಖ್ಯ ಘಟ್ಟ. ಅದರ ವ್ಯಾಖ್ಯೆಯಲ್ಲಿ ದೇವಾಲಯದೊಡನೆ ಮಠವೂ ಸೇರಿತ್ತು. ಸಂಸ್ಥೆಯ ಮೂಲ, ಉದ್ದೇಶ, ಚರಸ್ಥಿರ ಆಸ್ತಿ, ಉತ್ಪನ್ನ, ವಿಶ್ವಸ್ತರು ಒಬ್ಬರ ಅನಂತರ ಒಬ್ಬರು ಬರುವ ಕ್ರಮ – ಇವೆಲ್ಲ ಧರ್ಮಾದಾಯ ಕಚೇರಿಯ ದಫ್ತರದಲ್ಲಿ ದಾಖಲಾಗಬೇಕು. ವರ್ಷವರ್ಷವೂ ಲೆಕ್ಕವು ತಪಾಸಣೆಗೊಳ್ಳಬೇಕು. ಉತ್ತರಾಧಿಕಾರದ ಕ್ರಮವೆಂಬ ಕಲಮಿನ ಎದುರು ಗುರುಶಿಷ್ಯ ಪರಂಪರೆಯೆಂದು ಬರೆಯುವಾಗ ಮಠಗಳು ತಮ್ಮ ಹಿಂದಿನ ಪಟ್ಟಾಧ್ಯಕ್ಷರ ಹೆಸರುಗಳನ್ನು ಕ್ರಮವಾಗಿ ಜೋಡಿಸಬೇಕಾಯಿತು. ಅನೇಕ ಮಠಗಳ ಗುರುಪರಂಪರೆಯನ್ನು ಸಂಶೋಧಕರು ಇಂದು ಬರೆಯುವಾಗ ಇಂಥ ದಾಖಲೆಗಳನ್ನು ನೋಡುವುದು ಅವಶ್ಯವಾಗಿದೆ. ಅರ್ಜುನವಾಡದ ಶಾಸನಕಾರನು ಮಾಡಿದ ಕೆಲಸವನ್ನೇ ಈ ಕಚೇರಿಯ ಕಾರಕೂನರು ತಿಳಿಯದೆ ಮುಂದುವರಿಸಿದರು. 1956ರ ಅನಂತರವೂ ಈ ಕಾಯಿದೆ ಬೆಳಗಾಂವಿ ವಿಭಾಗದಲ್ಲಿ ನಡೆಯುತ್ತಿತ್ತು. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆಯು 2003ರಲ್ಲಿ ಜಾರಿಗೆ ಬಂದಾಗ ಹಳೆಯದು ರದ್ದಾಯಿತು. ಹೊಸ ಕಾಯಿದೆಯಾದರೋ ಮಠಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಅರ್ಧಶತಮಾನದ ನೋಂದಣಿಪತ್ರಗಳು ಚರಿತ್ರೆಯ ಸಾಮಗ್ರಿಯಾಗಿ ಉಳಿದುವು, ನಡೆಯುವ ದಾಖಲೆಯಾಗಿ ಉಳಿಯಲಿಲ್ಲ.

ಮಠಗಳ ಕಾಗದದ ಚರಿತ್ರೆಯನ್ನು ಹೇಳುವಾಗ ಮಠದ ಹೊಲವನ್ನು ಉತ್ತವರ ಕಾಗದವನ್ನು ಮರೆಯುವುದು ಉಚಿತವಲ್ಲ. 1974ರಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾಯಿದೆಯು ಗೇಣಿಯ ಜಮೀನನ್ನು ಉಳುವವನಿಗೆ ಕೊಟ್ಟಿತು. 7ನೆಯ ನಮೂನೆಯ ಅರ್ಜಿಯೊಡನೆ ಭೂನ್ಯಾಯಮಂಡಳಿಯ ಮುಂದೆ ನಿಂತ ಒಕ್ಕಲಿಗನಿಗೆ ಬೇಕಾದುದು ಪಹಣಿಯಲ್ಲಿ ತನ್ನ ಹೆಸರು. ಗೇಣಿಯ ಪಾವತಿಯನ್ನು ಕೇಳುವ ಧೈರ್ಯವಿಲ್ಲದೆ ತಲೆಮಾರುಗಳ ಕಾಲ ಉತ್ತವರು ಈ ಪರೀಕ್ಷೆಯಲ್ಲಿ ತೊಡಕಿಗೆ ಸಿಕ್ಕಿದರು. ಇನಾಮು ಕಮಿಶನ್ನಿನ ಮುಂದೆ ಮಠಗಳು ಅನುಭವಿಸಿದ ಸಂಕಟವನ್ನೇ 120 ವರ್ಷಗಳ ಅನಂತರ ಮಠದ ಒಕ್ಕಲುಗಳು ಅನುಭವಿಸಿದರೆನ್ನಬಹುದು. ಧಾರ್ಮಿಕ ಸಂಸ್ಥೆಗಳಿಗೆ ಜಮೀನಿನ ಬದಲು ವರ್ಷಾಸನವನ್ನು ಕೊಡುವ ಏರ್ಪಾಡು ಕಾಯಿದೆಯಲ್ಲಿತ್ತು.

ಭೂಮಿಯು ಹೋದ ಮೇಲೆ ಸಂಸ್ಥೆಗಳು ಸರಕಾರದ ಅನುದಾನ, ದಾನಿಗಳ ದೇಣಿಗೆ, ಇತ್ತೀಚೆಗೆ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಇವುಗಳ ಕಡೆಗೆ ತಿರುಗಿದುವು. 2013ರ ಕಂಪನಿ ಕಾಯಿದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಲೋಕಹಿತಕ್ಕೆ ವೆಚ್ಚಮಾಡಬೇಕೆಂದು ವಿಧಿಸಿದೆ. ಆ ಹಣವನ್ನು ಪಡೆಯುವ ಸಂಸ್ಥೆಗೆ ಮೂರು ವರ್ಷಗಳ ಕಾರ್ಯಾನುಭವ ಬೇಕು, ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇಕು. 2021ರ ಏಪ್ರಿಲ್ 1ರಿಂದ ಕಂಪನಿಗಳ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿಯೂ ಬೇಕಾಯಿತು. ಅದೇ ದಿನದಿಂದ ಆದಾಯ ತೆರಿಗೆಯ ಹಳೆಯ ಶಾಶ್ವತ ನೋಂದಣಿಗಳೆಲ್ಲ ಹೋಗಿ, ಅವಧಿಗೊಮ್ಮೆ ನವೀಕರಿಸುವ ಪದ್ಧತಿ ಬಂದಿತು. ವಿದೇಶದ ದೇಣಿಗೆಗೆ 1976ರಲ್ಲಿ ಆರಂಭವಾದ ನಿಯಂತ್ರಣ 2010ರಲ್ಲಿ, 2020ರಲ್ಲಿ ಬಿಗಿಯಾಗಿ, ಹಣವು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಯ ಮೂಲಕವೇ ಬರಬೇಕಾಯಿತು. ಕೇಂದ್ರ ಸರಕಾರದ ಅನುದಾನವನ್ನು ಪಡೆದವರು ಹಣವನ್ನು ವಿನಿಯೋಗಿಸಿದ ಪ್ರಮಾಣಪತ್ರವನ್ನು ಗೊತ್ತಾದ ನಮೂನೆಯಲ್ಲಿ ಕೊಡಬೇಕು. ಹಿಂದಿನದನ್ನು ಕೊಡದೆ ಮುಂದಿನ ಕಂತನ್ನು ನಿರೀಕ್ಷಿಸುವಂತಿಲ್ಲ. ಮಂಗಲೇಶನು ಕೇಳಿದ್ದೂ ಇದನ್ನೇ. ಅವನು ನರಕವನ್ನು ತೋರಿಸಿದನು. ಇಂದಿನವರು ಬಡ್ಡಿಯನ್ನು ತೋರಿಸುತ್ತಾರೆ.

ಈ ಕಾಗದಗಳಲ್ಲಿ ಮಠಗಳಿಗೆ ಅತ್ಯಂತ ಕಠಿಣವಾದುದು ದಾಸೋಹದ ಲೆಕ್ಕ. ಭಕ್ತರು ಚಕ್ಕಡಿಯಲ್ಲಿ ತಂದುಹಾಕಿದ ಜೋಳ, ಕಡಲೆ, ಬೆಲ್ಲ, ಕಟ್ಟಿಗೆಗಳಿಗೆ ಪಾವತಿಯಿಲ್ಲ, ಉಂಡವರ ಎಣಿಕೆಯಿಲ್ಲ. ಎಣಿಸುವುದು ದಾಸೋಹಧರ್ಮಕ್ಕೆ ಹೊಂದದೆಂಬ ಭಾವನೆಯೂ ಉಂಟು. ಪರಿಣಾಮವಾಗಿ ನೂರಾರು ವಿದ್ಯಾರ್ಥಿಗಳನ್ನು ಸಾಕಿದ ಪ್ರಸಾದನಿಲಯದ ತಪಾಸಣೆಗೊಂಡ ಲೆಕ್ಕದಲ್ಲಿ ನಗದಿನ ಸಣ್ಣ ಮೊತ್ತ ಮಾತ್ರ ಕಾಣುತ್ತದೆ. ಅನುದಾನ ಕೊಡುವವನ ಕಣ್ಣಿಗೆ ಆ ಸಂಸ್ಥೆ ಏನೂ ಮಾಡದ ಸಂಸ್ಥೆ. ಬಂದ ಜಿನಸನ್ನು ಅಂದಂದೇ ತೂಗಿ, ಪೇಟೆಯ ದರವನ್ನು ಹಚ್ಚಿ ಜಿನಸಿನ ವಹಿಯಲ್ಲಿ ಬರೆದಿಟ್ಟುಕೊಂಡ ಸಂಸ್ಥೆಗಳು ಈ ತೊಂದರೆಯಿಂದ ಪಾರಾಗಿವೆ. ದಾನಿಯ ಹೆಸರನ್ನು ಡಂಗುರ ಹೊಡೆಯದೆಯೂ ಕಾಳಿನ ತೂಕವನ್ನು ಬರೆಯಬಹುದಾದುದರಿಂದ ಇದರಲ್ಲಿ ಧರ್ಮಹಾನಿಯೇನೂ ಕಾಣದು. ಇನ್ನು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಗೆ ಯಾವ ವಹಿಯೂ ಸಾಲದು. ಕುಡಿತ, ತಂಬಾಕುಗಳಂಥ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಜೋಳಿಗೆ ಅದು. ಅದರಲ್ಲಿ ಬಿದ್ದುದನ್ನು ಯಾವ ಖಾತೆಗೆ ಜಮಾ ಮಾಡಬೇಕು? 2018ರಲ್ಲಿ ಶ್ರೀಗಳು ಲಿಂಗೈಕ್ಯರಾದ ಅನಂತರ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸತೊಡಗಿತು. ಲೆಕ್ಕಪತ್ರವಿಲ್ಲದ ಕಾರ್ಯಕ್ಕೆ ದೊರೆತ ಅಪರೂಪದ ಮನ್ನಣೆಯಿದು.

ಊರಿನ ವಿಳಾಸವೇ ಒಂದು ತೊಡಕಾಗುವುದು ಈ ಸೀಮೆಯ ವಿಶೇಷ. ಇಂಗ್ಲಿಷರ ಆರಂಭಕಾಲದಲ್ಲಿ ಧಾರವಾಡದ ಕಲೆಕ್ಟರಿಗೆ, ತರುವಾಯ ಬೆಳಗಾಂವಿಗೆ ಸೇರಿದ್ದ ಈ ಪ್ರದೇಶವು 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು. 1885ರಲ್ಲಿ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಹೋಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬಂದಿತು. ಹುನಗುಂದ ತಾಲ್ಲೂಕಿನಲ್ಲಿದ್ದ ಇಳಕಲ್ಲು ಇತ್ತೀಚೆಗೆ ತಾನೇ ತಾಲ್ಲೂಕಾಯಿತು. ಒಂದೇ ಸಂಸ್ಥೆಯ ಕಡತದಲ್ಲಿ ಜಮೀನಿನ ಕಾಗದವು ಕಲಾದಗಿಯದು, ನೋಂದಣಿಯು ವಿಜಾಪುರದ್ದು, ತೆರಿಗೆಯ ಚೀಟಿ ಬಾಗಲಕೋಟೆಯದು. ಊರ ಹೆಸರು ಒಂದರಲ್ಲಿ ಇಲಕಲ್ಲ, ಇನ್ನೊಂದರಲ್ಲಿ ಇಳಕಲ್. ಚರಿತ್ರೆ ಬಲ್ಲವನಿಗೆ ಇವೆಲ್ಲ ಒಂದೇ. ದೂರದ ಊರಿನಲ್ಲಿ ಕುಳಿತು ಅರ್ಜಿಯನ್ನು ತಪಾಸಣೆ ಮಾಡುವವನಿಗೆ ಇವು ನಾಲ್ಕು ಬೇರೆ ಸಂಸ್ಥೆಗಳು. ಇಂಥ ಕಡತದ ಮೊದಲಲ್ಲಿ ಊರಿನ ಆಡಳಿತದ ಈ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆದು ಸಂಬಂಧಪಟ್ಟ ಸರಕಾರಿ ಅಧಿಸೂಚನೆಗಳನ್ನು ಲಗತ್ತಿಸಿದರೆ ಅನೇಕ ಆಕ್ಷೇಪಗಳು ಹುಟ್ಟುವ ಮೊದಲೇ ಅಡಗುತ್ತವೆ.

ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ ಜನ ನವನಗರಕ್ಕೆ ಹೋದಾಗಲೂ, 2009 ಮತ್ತು 2019ರಲ್ಲಿ ಮಲಪ್ರಭೆಯು ಬಾದಾಮಿ-ಹುನಗುಂದ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗಲೂ ಮನೆಮನೆಯ ಕಾಗದಗಳೊಡನೆ ಸಂಘಸಂಸ್ಥೆಗಳ ಕಾಗದಗಳಿಗೂ ಕುತ್ತು ಬಂದಿತು. ಪರಿಹಾರಕ್ಕಾಗಿ ಮನೆಯ ಉತಾರವನ್ನು ಕೇಳಿದಾಗ ಉತಾರವೇ ನೀರಿನಲ್ಲಿ ಹೋಗಿತ್ತೆಂಬುದು ಅಂದಿನ ದಿನಗಳಲ್ಲಿ ದಂಡೆಯ ಊರುಗಳಲ್ಲೆಲ್ಲ ಕೇಳಿಬಂದ ಮಾತು. ಸರಕಾರಿ ಕಚೇರಿಯಲ್ಲಿ ಮೂಲ ದಾಖಲೆಯಿರುವ ಕಾಗದಗಳಿಗೆ ದೃಢೀಕೃತ ನಕಲು ದೊರೆಯುತ್ತದೆ. ಠರಾವು ಪುಸ್ತಕ, ಕಿರ್ದಿ, ಗುರುಪರಂಪರೆಯ ಕೈಬರಹಗಳಿಗೆ ಎರಡನೆಯ ಪ್ರತಿಯೆಂಬುದಿಲ್ಲ. ಇವನ್ನು ಛಾಯಾಚಿತ್ರ ತೆಗೆಸಿ ಬೇರೆ ಊರಿನಲ್ಲಿ ಒಂದು ಪ್ರತಿಯನ್ನಿಡುವ ಕೆಲಸ ಈಗ ಹೆಚ್ಚು ವೆಚ್ಚದ್ದಲ್ಲ.

ಇನ್ನೂ ಹಳೆಯದು ಬೇಕಾದವರು ಪುಣೆಗೆ ಹೋಗಬೇಕು. ಇನಾಮು ಕಮಿಶನ್ನು ಮುಗಿದ ಮೇಲೆ ಅದರ ಕಡತಗಳೂ ಪೇಶವೆ ದಫ್ತರವೂ ಅಲ್ಲಿಯೇ ಉಳಿದುವು. ಈ ಸೀಮೆಯ ಇನಾಮುಗಳ ವಿಚಾರಣೆಯ ಕಾಗದಗಳನ್ನೂ ಅಲ್ಲಿಯೇ ಹುಡುಕಬೇಕು. ಬಹುಪಾಲು ಮೋಡಿ ಲಿಪಿಯಲ್ಲಿದ್ದು, ಕನ್ನಡ ವಿದ್ವಾಂಸರಲ್ಲಿ ಅದನ್ನು ಓದಬಲ್ಲವರು ವಿರಳರಾಗಿದ್ದಾರೆ. ಹುಡುಕುವವರು ಗ್ರಾಮದ ಹೆಸರಿನೊಡನೆ ಅಂದಿನ ಪರಗಣೆಯ ಹೆಸರು, ಇನಾಮುದಾರನ ಹೆಸರು, ವಿಚಾರಣೆಯ ವರ್ಷ ಇಷ್ಟನ್ನಾದರೂ ತಿಳಿದುಕೊಂಡು ಹೋಗುವುದು ಒಳ್ಳೆಯದು. ದಫ್ತರದೊಳಗೆ ಕುಳಿತು ಕಾಗದ ನೋಡಲು ಅರ್ಜಿ ಕೊಡಬೇಕು. ಅರ್ಜಿಯೊಡನೆ ಪರಿಚಯಪತ್ರವನ್ನು ಲಗತ್ತಿಸಬೇಕು.